ಒಂದು ಚಮಚ ಹಿಟ್ಟು

ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದವನು ಚಮಚ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟ. ಡಬ್ಬಿಯಲ್ಲಿದ್ದದ್ದು ಗೋಧಿ ಹಿಟ್ಟು, ಮನೆಗೆ ಹೆಂಡತಿ ತರಿಸುವ ಅಂಗಡಿಯಿಂದಲೇ ಬಂದದ್ದು. ಅದಿರಿನಲ್ಲಿ ಚಿನ್ನ ಎಷ್ಟಿದೆ ಎಂದು ನೋಡುವ ಈ ಪರೀಕ್ಷಾಲಯಕ್ಕೆ ಹೊಸಬರು ಯಾರೇ ಬರಲಿ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯನ್ನೂ ಉರಿಯುವ ಕುಲುಮೆಯನ್ನೂ ಉಸಿರು ಬಿಗಿಹಿಡಿದು ನೋಡಿ, ಈ ಡಬ್ಬಿಯ ಹತ್ತಿರ ಬಂದಾಗ ನಕ್ಕುಬಿಡುತ್ತಿದ್ದರು. ಗಣಿಯ ಕಡೆಯವರು ಇಲ್ಲಿಯವರಿಗೆ ಹಿಟ್ಟಿನವರು ಎಂದೇ ಹೆಸರಿಟ್ಟಿದ್ದರು. ಯಾರಾದರೂ ಕೇಳಿದರೆ ಅವನು ಹದಿನಾರು ವರ್ಷದ ಹಿಂದೆ ಮೇಷ್ಟ್ರು ತನಗೆ ಹೇಳಿಕೊಟ್ಟ ಮಾತನ್ನೇ ಹೇಳುತ್ತಿದ್ದ. ಮೇಷ್ಟ್ರು ಎಂದರೆ ಶಾಲೆಯವರಲ್ಲ, ಇಲ್ಲೇ ದುಡಿದು ನಿವೃತ್ತರಾದ ಹಿರಿಯ ಪರೀಕ್ಷಕರು. ಯಾರು ಸಿಕ್ಕರೂ ಪಾಠ ಮಾಡದೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಈ ಹಳದಿ ಪುಡಿ ನೋಡು, ಎನ್ನುತ್ತಿದ್ದರು ಅವರು, ಇದು ಸೀಸವೇ, ಆದರೆ ಆಮ್ಲಜನಕ ಕುಡಿದು ಕೂತಿದೆ. ಅದಿರಿನ ಜೊತೆ ಇದನ್ನೂ ಹಿಟ್ಟನ್ನೂ ಕಲಸಿ ಮೂಸೆಗೆ ಹಾಕಿ ಕಾಯಿಸು, ಹಿಟ್ಟು ಸುಟ್ಟು ಇದ್ದಿಲಾಗುತ್ತೆ, ಆ ಇದ್ದಿಲು ಸೀಸದಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತೆ, ಸೀಸ ಮತ್ತೆ ಸೀಸವಾಗಿ ಹನಿಹನಿಯಾಗಿ ಕೆಳಗಿಳಿಯುತ್ತೆ, ಇಳಿಯುವಾಗ ಚಿನ್ನವನ್ನೆಲ್ಲ ಗುಡಿಸಿಕೊಂಡು ಹೋಗುತ್ತೆ. ಹಿಟ್ಟು ಕಮ್ಮಿಯಾದರೆ ಸೀಸ ಕಮ್ಮಿ, ಸೀಸ ಕಮ್ಮಿಯಾದರೆ ಗುಡಿಸೋದು ಅರ್ಧಂಬರ್ಧ. ಕೆಂಪು ಅದಿರು ಬಂದರೆ ಮಾತ್ರ ಹುಷಾರು, ಅದರಲ್ಲೂ ಆಮ್ಲಜನಕ ತುಂಬಿರುತ್ತೆ, ಅದೂ ಹಿಟ್ಟು ತಿನ್ನುತ್ತೆ, ಒಂದು ಚಮಚ ಜಾಸ್ತಿ ಹಾಕು. ಇಷ್ಟು ಹೇಳಿ ಮೇಷ್ಟ್ರು ಮೂಗಿನ ಮೇಲೆ ಕೂತ ಹಿಟ್ಟನ್ನು ಒರೆಸಿಕೊಳ್ಳುತ್ತಿದ್ದರು.

ಬಾಗಿಲ ಪಕ್ಕದ ಗೋಡೆಗೆ ಒಂದು ವಾರದಿಂದ ಚೀಟಿ ಅಂಟಿಸಿದ್ದರು. ಎರಡು ವರ್ಷ ದಾಟಿದ ಮಾದರಿ ಪೊಟ್ಟಣಗಳನ್ನೆಲ್ಲ ಇವತ್ತು ನಾಲ್ಕು ಗಂಟೆಗೆ ಲಾರಿ ಬಂದು ಒಯ್ಯುತ್ತದೆ, ಪರೀಕ್ಷಕರು ಪಟ್ಟಿಗೆ ಸಹಿ ಹಾಕಬೇಕು. ಪ್ರತಿ ವರ್ಷವೂ ನಡೆಯುವ ಕೆಲಸ ಇದು, ಅವನು ಎಂದೂ ಪಟ್ಟಿ ಓದಿ ಸಹಿ ಹಾಕಿದವನಲ್ಲ. ಈ ಸಲ ಓದಿದ. ಇನ್ನೂರ ಹನ್ನೊಂದನೆಯ ಪೊಟ್ಟಣ ಮೂರನೆಯ ಹಾಳೆಯಲ್ಲಿ, ಬೇರೆಲ್ಲ ಸಂಖ್ಯೆಗಳ ನಡುವೆ ಏನೂ ಆಗದಂತೆ ಕೂತಿತ್ತು. ಬೆಳಿಗ್ಗೆ ಉಗ್ರಾಣದ ಗುಮಾಸ್ತೆ ಹಾಳೆಗಳನ್ನು ಅವನ ಮುಂದಿಟ್ಟು, ಬೇಗ ಒಂದು ಸಹಿ ಗೀಚಿಬಿಡಿ ಸಾರ್, ನನ್ನ ತಲೆನೋವು ಕಳೆಯಲಿ ಎಂದಾಗ ಅವನು ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದ. ಆಮೇಲೆ, ಒಂದು ಪೊಟ್ಟಣ ನೋಡುವುದಿದೆ ಎಂದ. ಅವಳು ಅವನನ್ನು ವಿಚಿತ್ರವಾಗಿ ನೋಡಿ ಏಣಿ ಹತ್ತಿ ತಂದುಕೊಟ್ಟಳು. ಈಗ ಅದು ಮೇಜಿನ ಮೇಲಿತ್ತು, ಅಂಗೈಯಗಲದ ಕಂದು ಕಾಗದದ ಪೊಟ್ಟಣ, ಮೇಲೆ ಅವನದೇ ಅಕ್ಷರ. ಲಾರಿ ಇದನ್ನು ಒಯ್ದುಬಿಟ್ಟರೆ ಎರಡು ವರ್ಷದ ಹಿಂದಿನ ಆ ದಿನಕ್ಕೆ ಅವನ ನೆನಪಿನ ಹೊರತು ಬೇರೆ ಸಾಕ್ಷಿ ಉಳಿಯುವುದಿಲ್ಲ. ಈ ದಿನ ಬೇಗ ಬಂದು ಹೋಗಿಬಿಡಲಿ ಎಂದು ವಾರವಿಡೀ ಕಾದವನೂ ಅವನೇ.

ಮಟ್ಟಸವಾಗಿ ತುಂಬಿದ ಚಮಚವನ್ನು ಬೆಳಕಿಗೆ ಹಿಡಿದ. ಆ ದಿನವೂ ಮಟ್ಟಸ ಚಮಚವೇ. ಅವತ್ತು ಬೆಳಿಗ್ಗೆ ಪರೀಕ್ಷಾಲಯದ ಮುಖ್ಯಸ್ಥರು ಎಲ್ಲರ ಎದುರು ಅವನ ಮೇಜಿನ ಬಳಿ ನಿಂತಿದ್ದರು. ಬೇರೆಯವರು ಒಂದು ಸಲ ಮಾಡುವುದನ್ನು ಇವನು ಎರಡು ಸಲ, ಮೂರು ಸಲ ಮಾಡುತ್ತಾನೆ, ಮೂಸೆಗಳು ಸುಮ್ಮನೆ ಹಾಳಾಗುತ್ತವೆ ಎಂಬುದು ಅವರ ದೂರು. ನಿನ್ನ ಕೈಯನ್ನು ನೀನೇ ನಂಬದಿದ್ದರೆ ಕಂಪನಿ ಹೇಗಯ್ಯಾ ನಂಬೋದು ಎಂದು ನಗುನಗುತ್ತಲೇ ಕೇಳಿದ್ದರು. ಅವರು ನಕ್ಕದ್ದರಿಂದ ಮಿಕ್ಕವರಿಗೂ ನಗಲು ಅಪ್ಪಣೆ ಸಿಕ್ಕಂತಾಯಿತು. ಅವನೂ ನಕ್ಕ. ಆ ನಗು ಮುಖದಿಂದ ಇಳಿಯುವ ಮೊದಲೇ ಆರು ಮೂಸೆಗಳನ್ನು ಸಾಲಾಗಿಟ್ಟು ಆರಕ್ಕೂ ಒಂದೊಂದೇ ಚಮಚ ಹಿಟ್ಟು ಹಾಕಿದ್ದ. ಆರನೆಯದರ ಅದಿರು ಕೆಂಪಗಿತ್ತು. ನೋಡಲಿಲ್ಲ ಎಂದುಕೊಳ್ಳಲು ಈಗಲೂ ಆಸೆಯಾಗುತ್ತದೆ, ಆದರೆ ನೋಡಿದ್ದ. ಒಂದು ಗಂಟೆ ಕಾಯಿಸಿ, ಕಬ್ಬಿಣದ ಅಚ್ಚಿಗೆ ಸುರಿದು, ಆರಿದ ಮೇಲೆ ಗಾಜಿನಂಥ ಕಿಟ್ಟವನ್ನು ಸುತ್ತಿಗೆಯಿಂದ ಒಡೆದಾಗ ಐದು ಅಚ್ಚುಗಳ ತಳದಲ್ಲಿ ದಪ್ಪ ಗೋಲಿಯಷ್ಟು ಸೀಸದ ಗುಂಡು, ಆರನೆಯದರಲ್ಲಿ ಅದರ ಅರ್ಧವೂ ಇಲ್ಲ. ತೂಗಿದ, ಹದಿಮೂರು ಗ್ರಾಂ. ಇಪ್ಪತ್ತೈದಕ್ಕಿಂತ ಕಡಿಮೆ ಬಂದರೆ ಎಸೆದು ಮತ್ತೆ ಮಾಡಬೇಕೆಂದು ಇಲ್ಲಿಯ ಗೋಡೆಯ ಮೇಲೇ ಬರೆದಿದೆ. ಅವನು ರಿಜಿಸ್ಟರ್ ಎಳೆದುಕೊಂಡು ಗುಂಡಿನ ತೂಕದ ಕಡೆ ಇಪ್ಪತ್ತೆಂಟು ಎಂದು ಬರೆದ. ಅಕ್ಷರ ದುಂಡಗೇ ಬಂತು.

ಆ ಕೆಂಪು ಅದಿರನ್ನು ಗಣಿಯ ಹೊಸ ಕಂದಕದಿಂದ ತಂದವನು ಅವನ ಹೆಂಡತಿಯ ತಮ್ಮ. ಮಗಳು ಅವನನ್ನು ಕಲ್ಲುಮಾವ ಎನ್ನುತ್ತಿದ್ದಳು, ಬಂದಾಗಲೆಲ್ಲ ಜೇಬಿನಲ್ಲಿ ಅವಳಿಗೊಂದು ಕಲ್ಲು ಇರುತ್ತಿತ್ತು, ಹೊಳೆಯುವುದು, ಪದರು ಪದರಾಗಿ ಏಳುವುದು, ಸುಮ್ಮನೆ ನುಣ್ಣಗಿರುವುದು. ಬಂಡೆಯನ್ನು ಎಲ್ಲಿ ಕೊರೆಯಬೇಕು, ಎಷ್ಟೆಷ್ಟು ದೂರಕ್ಕೆ ಮಾದರಿ ತೆಗೆಯಬೇಕು ಎಂಬುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಗಣಿಯ ಕಡೆ ಹೆಸರಿತ್ತು. ಹೊಸ ಕಂದಕದಿಂದ ಅವನು ಒಬ್ಬನೇ ಹೋಗಿ ತಂದ ಮೊದಲ ಮಾದರಿಯನ್ನು ಮೇಷ್ಟ್ರು ನೋಡಿದ್ದರು, ಅವರ ಕೊನೆಯ ವಾರದ ಕೆಲಸಗಳಲ್ಲಿ ಅದೂ ಒಂದು. ಟನ್ನಿಗೆ ಒಂಬತ್ತು ಗ್ರಾಂ ಚಿನ್ನ ಬಂತು. ಇಷ್ಟೊಂದಾ ಎಂದು ಮೇಲಿನವರಿಗೆ ಅನುಮಾನ. ಇನ್ನೊಂದು ಸಲ ತೆಗೆಯಲಿ, ಈ ಸಲ ಮೇಲ್ವಿಚಾರಕರು ಪಕ್ಕದಲ್ಲೇ ನಿಂತಿರಲಿ ಎಂದರು. ಆ ಎರಡನೆಯದೇ ಇನ್ನೂರ ಹನ್ನೊಂದು. ಅದು ಇವನ ಕೈಗೆ ಬಂದು, ಕುಲುಮೆ ಹೊಕ್ಕು, ಟನ್ನಿಗೆ ನಾಲ್ಕು ಎಂದು ಹೊರಬಿತ್ತು. ಯಾರೂ ಕಾವಲಿಲ್ಲದಾಗ ಒಂಬತ್ತು, ಕಾವಲಿದ್ದಾಗ ನಾಲ್ಕು. ಮೊದಲ ಸಲ ಒಳ್ಳೊಳ್ಳೆ ಕಲ್ಲುಗಳನ್ನೇ ಆರಿಸಿ ತುಂಬಿ ತಂದಿದ್ದಾನೆ ಎಂದು ಮೇಲಿನವರು ತೀರ್ಮಾನಿಸಿದರು. ಕಂದಕ ಮುಚ್ಚಿದರು. ಅವನನ್ನು ಕಲ್ಲು ಪುಡಿ ಮಾಡುವ ಕೋಣೆಗೆ ಹಾಕಿದರು.

ಪೊಟ್ಟಣ ಬಿಚ್ಚಿದ. ಪುಡಿ ಇನ್ನೂ ಅದೇ ಕೆಂಪು. ಮತ್ತೆ ಮಾಡಿದ್ದರೆ, ಬಾಮೈದನ ಮಾದರಿಯೆಂದು ಎರಡೆರಡು ಸಲ ಮಾಡಿ ಹೆಚ್ಚು ತೋರಿಸಿದ ಎನ್ನುತ್ತಿದ್ದರು. ಈ ಮಾತನ್ನು ಅವನು ಎರಡು ವರ್ಷದಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ. ಸುಳ್ಳೇನಲ್ಲ, ಅನ್ನುತ್ತಿದ್ದರು. ಆದರೆ ಆ ಹದಿಮೂರು ಗ್ರಾಮಿನ ಗುಂಡನ್ನು ಇಕ್ಕಳದಲ್ಲಿ ಹಿಡಿದಾಗ ಅವನ ಮನಸ್ಸಿನಲ್ಲಿ ಇದ್ದದ್ದು ಅದಲ್ಲ. ಹಿಂದಿನ ಭಾನುವಾರ ಊಟಕ್ಕೆ ಕೂತಾಗ, ನಾವು ಬಂಡೆ ಜೊತೆ ಗುದ್ದಾಡ್ತೀವಿ, ಭಾವ ಒಲೆ ಮುಂದೆ ಕೂತು ಬೇಯಿಸ್ತಾರೆ ಎಂದು ಕಲ್ಲುಮಾವ ತಮಾಷೆ ಮಾಡಿದ್ದ. ಹೆಂಡತಿ ಬಾಯಲ್ಲಿದ್ದ ನೀರು ನೆತ್ತಿಗೇರುವಷ್ಟು ನಕ್ಕಿದ್ದಳು. ಮಗಳೂ ಅಷ್ಟೇ. ತಮ್ಮ ಬಂದ ದಿನ ಆ ಮನೆಯ ದನಿಯೇ ಬೇರೆ, ಅವನು ಹೋದ ಮೇಲೆ ಪಾತ್ರೆಗಳ ಸದ್ದು ಮಾತ್ರ. ಗುಂಡು ಚಿಕ್ಕದಾಗಿ ಬಂದದ್ದನ್ನು ಕಂಡಾಗ ಅವನಿಗೆ ಗಾಬರಿಗಿಂತ ಮೊದಲು ಒಂದು ಸಣ್ಣ ಸಮಾಧಾನವಾಗಿತ್ತು. ಅದನ್ನು ಈವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ, ಹೇಳಬಹುದು ಎಂದು ಅನಿಸಿಯೂ ಇರಲಿಲ್ಲ.

ಪುಡಿ ತೂಗಿದ, ಹಳದಿ ಪುಡಿ ಸೇರಿಸಿದ, ಕಲ್ಲು ಕರಗಲು ಸೋಡಾ, ಬಿಳಿಗಾರ. ಹಿಟ್ಟು ಒಂದು ಚಮಚ. ಆಮೇಲೆ ಇನ್ನೊಂದು ಚಮಚ. ಎಲ್ಲವನ್ನೂ ಒಂದೇ ಬಣ್ಣ ಬರುವ ತನಕ ಕಲಸಿ ಮೂಸೆಗೆ ತುಂಬಿ, ಉದ್ದ ಇಕ್ಕಳದಿಂದ ಕುಲುಮೆಯೊಳಗಿಟ್ಟು ಬಾಗಿಲು ಹಾಕಿದ. ಒಳಗೆ ಮೂಸೆ ಮೊದಲು ಹೊಗೆಯಾಡಿತು, ಆಮೇಲೆ ಗೊಳಗೊಳ ಸದ್ದು. ಅದು ಮಾತ್ರ ಹದಿನಾರು ವರ್ಷದಿಂದ ಅವನಿಗೆ ಬೇಸರ ತರಿಸಿರಲಿಲ್ಲ. ಕುಲುಮೆಯ ಬಾಗಿಲಿನ ಸಂದಿಯಿಂದ ಕಿತ್ತಳೆ ಬೆಳಕು ನೆಲದ ಮೇಲೆ ಒಂದು ಗೆರೆ ಎಳೆದಿತ್ತು, ಅದರಾಚೆ ನಿಂತರೆ ಸೆಕೆ, ಈಚೆ ನಿಂತರೆ ತಂಪು. ಮುಖ್ಯಸ್ಥರು ಕೋಟು ತೋಳ ಮೇಲೆ ಹಾಕಿಕೊಂಡು ಹೊರಟವರು ಅವನನ್ನು ಕಂಡು ನಿಂತರು. ಪಟ್ಟಿಗೆ ಸಹಿ ಆಯಿತೇ ಎಂದು ಕೇಳಿದರು. ಹಳೆಯದೊಂದು ಮತ್ತೆ ನೋಡುತ್ತಿದ್ದೇನೆ ಎಂದ. ಇನ್ನೂ ಆ ಚಾಳಿ ಹೋಗಿಲ್ಲವಲ್ಲಯ್ಯಾ ಎಂದು ಅವನ ಬೆನ್ನು ತಟ್ಟಿ ನಗುತ್ತ ಹೋದರು. ಮಧ್ಯಾಹ್ನವಿಡೀ ಅವರಿಗೆ ಬೇರೆ ಕಡೆ ಸಭೆ. ಬೆನ್ನ ಮೇಲೆ ಆ ಕೈ ಬಿದ್ದ ಜಾಗ ಸ್ವಲ್ಪ ಹೊತ್ತು ಹಾಗೇ ಇತ್ತು. ಈ ಸಲ ಅವನು ನಗಲಿಲ್ಲ, ಅದನ್ನು ಅವರು ಗಮನಿಸಲೂ ಇಲ್ಲ.

ಎರಡು ವರ್ಷದ ಹಿಂದೆ, ಕಲ್ಲುಮಾವನ ಮೇಲೆ ಬಂದ ಆಪಾದನೆಯ ಸುದ್ದಿಯನ್ನು ಮನೆಗೆ ಒಯ್ದವನೂ ಅವನೇ. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳಲಿ ಎಂದು ತನಗೆ ತಾನೇ ಒಳ್ಳೆಯವನಾಗಿ, ಶೂ ಬಿಚ್ಚುತ್ತ ಹೇಳಿದ್ದ. ಹೆಂಡತಿ ತಿರುಗಿ ನಿಂತು, ನಿಜವಾ ಎಂದು ಒಂದೇ ಮಾತು ಕೇಳಿದ್ದಳು. ಕುಲುಮೆ ಸುಳ್ಳು ಹೇಳಲ್ಲ ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ. ತಮ್ಮನ ಮೇಲೆ ರೇಗಲಿಲ್ಲ, ಅಳಲಿಲ್ಲ, ಭಾನುವಾರದ ಊಟವೂ ನಿಲ್ಲಲಿಲ್ಲ. ಕೆಲವು ದಿನಗಳಾದ ಮೇಲೆ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಬೀಗದ ಕೈ ನೇತಾಡುತ್ತಿರುವುದನ್ನು ಅವನು ನೋಡಿದ. ಅದು ಮನೆಯ ಎರಡನೆಯ ಬೀಗದ ಕೈ, ಮೊದಲಿನಿಂದಲೂ ಕಲ್ಲುಮಾವನ ಹತ್ತಿರ ಇರುತ್ತಿದ್ದದ್ದು. ಇವರು ಊರಿಗೆ ಹೋದರೆ ಬಂದು ಗಿಡಕ್ಕೆ ನೀರು ಹಾಕುತ್ತಿದ್ದ, ಮಗಳು ಶಾಲೆಯಿಂದ ಬೇಗ ಬಂದ ದಿನ ಬಾಗಿಲು ತೆಗೆದು ಜೊತೆಗೆ ಕೂತಿರುತ್ತಿದ್ದ. ಯಾಕೆ ಅದು ಇಲ್ಲಿದೆ ಎಂದು ಅವನು ಕೇಳಲಿಲ್ಲ. ಕೇಳದೇ ಇರುವುದು ಎಷ್ಟು ಸುಲಭ ಎಂದು ಅವನಿಗೆ ಆಗ ಗೊತ್ತಾಯಿತು. ಈಗ ಕಲ್ಲುಮಾವ ಬಂದರೆ ಕರೆಗಂಟೆ ಒತ್ತಿ ಹೊರಗೆ ಕಾಯುತ್ತಾನೆ. ಜೇಬಿನಲ್ಲಿ ಕಲ್ಲು ತರುವುದನ್ನು ಯಾವಾಗಲೋ ನಿಲ್ಲಿಸಿದ್ದಾನೆ, ಮಗಳು ಕಲ್ಲುಮಾವ ಎನ್ನುವುದನ್ನು ನಿಲ್ಲಿಸಿಲ್ಲ.

ಅಚ್ಚಿಗೆ ಸುರಿದದ್ದು ಆರಲು ಬಿಟ್ಟು ಮುಖ ತೊಳೆದು ಬಂದ. ಸುತ್ತಿಗೆಯ ಎರಡನೆಯ ಏಟಿಗೇ ಕಿಟ್ಟ ಹಾರಿ, ಬೂದುಬಣ್ಣದ ಗುಂಡು ಮೇಜಿನ ಮೇಲೆ ಉರುಳಿತು. ತೂಗುವ ಅಗತ್ಯವೇ ಇರಲಿಲ್ಲ, ತೂಗಿದ. ಮೂವತ್ತೊಂದು. ಅದನ್ನು ತಟ್ಟಿ ಚೌಕ ಮಾಡಿ ಮೂಳೆ ಬೂದಿಯ ಬಟ್ಟಲಿಗೆ ಹಾಕಿ ಮತ್ತೆ ಕುಲುಮೆಗಿಟ್ಟ. ಸೀಸ ಕರಗಿ ಕರಗಿ ಬಟ್ಟಲಿನ ಬೂದಿಗೆ ಇಂಗುತ್ತ ಹೋಗಿ, ಕೊನೆಗೆ ಒಂದು ಹೊಳಪು ಮಿಂಚಿ, ಸಾಸಿವೆಗಿಂತ ಚಿಕ್ಕದಾದ ಮಣಿಯೊಂದು ಉಳಿಯಿತು. ಅದರಲ್ಲಿದ್ದ ಬೆಳ್ಳಿಯನ್ನು ಆಸಿಡ್ ತಿಂದು ಮುಗಿಸಿದ ಮೇಲೆ ಉಳಿದ ಚಿನ್ನವನ್ನು ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿಟ್ಟು ಉಸಿರು ಹಿಡಿದು ಕೂತ. ಟನ್ನಿಗೆ ಎಂಟೂ ಮುಕ್ಕಾಲು ಗ್ರಾಂ. ಮೇಷ್ಟ್ರ ಒಂಬತ್ತಕ್ಕೆ ಅಷ್ಟು ಹತ್ತಿರ ಬಂದದ್ದನ್ನು ನೋಡಿ ಅವನಿಗೆ ನಾಚಿಕೆಯಾಯಿತು, ಬರೀ ನಾಚಿಕೆ, ಬೇರೇನೂ ಅಲ್ಲ. ಮೂರೂ ಕಾಲು ಗಂಟೆಯಾಗಿತ್ತು. ಪೊಟ್ಟಣ ಕಟ್ಟಿ ಲಾರಿಗೆ ಹಾಕಿ, ಈ ಮಣಿಯನ್ನು ಸಿಂಕಿನಲ್ಲಿ ತೊಳೆದುಬಿಟ್ಟರೆ ಇವತ್ತು ನಡೆದದ್ದೂ ನಡೆದಿರುವುದಿಲ್ಲ. ಅವನು ಸ್ವಲ್ಪ ಹೊತ್ತು ಆ ಯೋಚನೆಯ ಜೊತೆ ಕೂತಿದ್ದ, ಅದೇನೂ ಅವನನ್ನು ಹೆದರಿಸಲಿಲ್ಲ, ಹಳೆಯ ಪರಿಚಯವೇ.

ಆಮೇಲೆ ಎದ್ದು ಎರಡು ವರ್ಷದ ಹಿಂದಿನ ರಿಜಿಸ್ಟರ್ ತೆಗೆದ. ದುಂಡಗಿನ ಇಪ್ಪತ್ತೆಂಟರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹದಿಮೂರು ಎಂದು ಬರೆದ. ಗುಂಡಿನ ತೂಕ ಆ ದಿನ ನಾನು ಸುಳ್ಳು ಬರೆದಿದ್ದೆ, ಅದೇ ಮಾದರಿಯನ್ನು ಇವತ್ತು ಮತ್ತೆ ನೋಡಿದ್ದೇನೆ, ಟನ್ನಿಗೆ ಎಂಟೂ ಮುಕ್ಕಾಲು ಬಂದಿದೆ, ಮಾದರಿ ತಂದವನದು ತಪ್ಪಿಲ್ಲ ಎಂದು ಕೆಳಗೆ ಬರೆದು ಸಹಿ ಹಾಕಿದ. ವಾಕ್ಯ ಇನ್ನೂ ಚೆನ್ನಾಗಿರಬಹುದಿತ್ತು ಅನಿಸಿತು. ರಿಜಿಸ್ಟರನ್ನು ಆ ಪುಟಕ್ಕೇ ತೆರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟು, ಮೇಲೆ ಪೊಟ್ಟಣದಲ್ಲಿ ಉಳಿದ ಪುಡಿಯನ್ನು ಭಾರವಾಗಿ ಇಟ್ಟ. ಬೆಳಿಗ್ಗೆ ಅವರು ಬಂದು ಮೊದಲು ನೋಡುವುದು ಇದನ್ನೇ. ಗುಮಾಸ್ತೆಯ ಪಟ್ಟಿಯಲ್ಲಿ ಇನ್ನೂರ ಹನ್ನೊಂದನ್ನು ಹೊಡೆದುಹಾಕಿ ಮಿಕ್ಕದ್ದಕ್ಕೆ ಸಹಿ ಮಾಡಿದ. ಒಂದು ಪೊಟ್ಟಣಕ್ಕೆ ಇಡೀ ದಿನ ತಗೊಂಡ್ರಲ್ಲ ಸಾರ್ ಎಂದು ಅವಳು ನಗಾಡಿದಳು.

ಕಲ್ಲು ಪುಡಿ ಮಾಡುವ ಕೋಣೆ ಅಂಗಳದ ಆಚೆ ತುದಿಗಿತ್ತು. ಯಂತ್ರದ ಸದ್ದಿಗೆ ಬಾಗಿಲ ಹೊರಗೇ ಕಿವಿ ಗುಂಯ್‌ಗುಡುತ್ತಿತ್ತು. ಕಲ್ಲುಮಾವ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಲಿಕೆಯಿಂದ ಕಲ್ಲು ಸುರಿಯುತ್ತಿದ್ದ. ಹುಬ್ಬು, ರೆಪ್ಪೆ, ಕಿವಿಯ ಅಂಚೆಲ್ಲ ಧೂಳು ಹಿಡಿದು ಬೆಳ್ಳಗಾಗಿತ್ತು. ಎರಡು ವರ್ಷದಲ್ಲಿ ಇವನು ಈ ಕೋಣೆಯ ಒಳಗೆ ಕಾಲಿಟ್ಟಿದ್ದು ಇದೇ ಮೊದಲು, ದಿನವೂ ಇದರ ಮುಂದೆಯೇ ಹೋಗುತ್ತಿದ್ದರೂ. ಕಲ್ಲುಮಾವ ಅವನನ್ನು ಕಂಡು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಮೊದಲು ಕೇಳಿದ. ಇಲ್ಲ, ಎಲ್ಲ ಚೆನ್ನಾಗಿದ್ದಾರೆ ಎಂದು ಹೇಳಿ ಅವನು ನಿಂತೇ ಎಲ್ಲವನ್ನೂ ಹೇಳಿದ: ಒಂದೇ ಚಮಚ ಹಾಕಿದ್ದು, ಹದಿಮೂರು ಗ್ರಾಂ, ಇಪ್ಪತ್ತೆಂಟು ಎಂದು ಬರೆದದ್ದು, ಇವತ್ತಿನ ಎಂಟೂ ಮುಕ್ಕಾಲು, ಮುಖ್ಯಸ್ಥರ ಮೇಜಿನ ಮೇಲೆ ತೆರೆದಿಟ್ಟ ಪುಟ. ಆ ಸಣ್ಣ ಸಮಾಧಾನವನ್ನೂ ಹೇಳಿದ. ಸದ್ದು ನಿಂತ ಕೋಣೆಯಲ್ಲಿ ತನ್ನ ದನಿ ಜೋರಾಗಿ ಕೇಳಿ ಅವನಿಗೇ ಮುಜುಗರವಾಯಿತು. ಕಲ್ಲುಮಾವ ಬಟ್ಟೆ ಕೆಳಗೆಳೆದ. ಮೂಗು ಬಾಯಿಯ ಸುತ್ತ ಮಾತ್ರ ಅವನ ನಿಜವಾದ ಬಣ್ಣ ಉಳಿದಿತ್ತು.

ಬೈಯುತ್ತಾನೆ ಎಂದುಕೊಂಡಿದ್ದ. ಬೈದರೆ ಒಳ್ಳೆಯದು ಎಂದೂ ಅನಿಸಿತ್ತು. ಕಲ್ಲುಮಾವ ಸಲಿಕೆಯನ್ನು ಗೋಡೆಗೆ ಒರಗಿಸಿ, ಅದು ಜಾರಿದ್ದನ್ನು ಮತ್ತೆ ಎತ್ತಿ ಸರಿಯಾಗಿ ನಿಲ್ಲಿಸಿದ.

"ಅಕ್ಕನಿಗೆ ಹೇಳಿದ್ರಾ?" ಎಂದ.

"ಇನ್ನೂ ಇಲ್ಲ. ಮೊದಲು ನಿನಗೆ ಹೇಳೋಣ ಅಂತ ಬಂದೆ."

"ನಾನು ಆರಿಸಿ ತಂದಿರಲಿಲ್ಲ ಅನ್ನೋದು ನನಗೆ ಗೊತ್ತಿತ್ತಲ್ಲ ಭಾವ. ನನಗೇನು ಹೇಳ್ತೀರಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಮನೆ ಕೀ ಕಳೆದುಹೋಗಿದೆ, ನಿಂದು ಕೊಡು ಅಂತ ಅವಳು ಇಲ್ಲಿಗೇ ಬಂದು ಇಸ್ಕೊಂಡು ಹೋದಳು. ಅವಳ ಸೊಂಟದಲ್ಲಿ ಅವಳ ಕೀ ಇತ್ತು, ನಾನು ನೋಡಿದೆ. ಕಂಪನಿ ಕಳ್ಳ ಅಂದ್ರೆ ಅನ್ಲಿ ಬಿಡಿ. ಹೋಗಿ, ಅವಳಿಗೆ ಹೇಳಿ."

ಮುಖಕ್ಕೆ ಬಟ್ಟೆ ಏರಿಸಿಕೊಂಡು ಯಂತ್ರದ ಗುಂಡಿ ಒತ್ತಿದ. ಇವನು ಇನ್ನೂ ಏನೋ ಹೇಳಲು ಬಾಯಿ ತೆರೆದದ್ದು ಸದ್ದಿನಲ್ಲಿ ಹೋಯಿತು.

ಮನೆಯ ದಾರಿ ಇಪ್ಪತ್ತು ನಿಮಿಷದ್ದು. ಎರಡು ವರ್ಷ ಅವನು ಹೊತ್ತು ತಿರುಗಿದ್ದು ಕೆಲಸದ ತಪ್ಪು ಎಂದುಕೊಂಡಿದ್ದ, ಕೆಲಸ ಹೋದರೆ ಹೋಗಲಿ ಎಂದು ಅದಕ್ಕೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಬೆಳಿಗ್ಗೆ ಮುಖ್ಯಸ್ಥರು ಏನೆನ್ನುತ್ತಾರೆ ಎಂಬುದು ಈಗ ಯಾರದೋ ಮನೆಯ ವಿಷಯದಂತೆ ದೂರ ಹೋಗಿತ್ತು. ಸೈಕಲ್ ರಿಪೇರಿಯ ಅಂಗಡಿ ದಾಟಿದ, ಇಸ್ತ್ರಿಯವನ ಕಿಟಕಿ ದಾಟಿದ, ಎದುರು ಸಿಕ್ಕ ಪಕ್ಕದ ಮನೆಯವರಿಗೆ ತಲೆಯಾಡಿಸಿದ. ಹೆಂಡತಿ ತಮ್ಮನ ಮುಂದೆ ನಿಂತು ಕೀ ಕಳೆದುಹೋಗಿದೆ ಎಂದು ಹೇಳುವಾಗ ಅವಳ ಮುಖ ಹೇಗಿದ್ದಿರಬಹುದು ಎಂದು ಯೋಚಿಸಲು ಹೋಗಿ ಅವನಿಗೆ ಆಗಲಿಲ್ಲ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಸುಳ್ಳು ಹೇಳುವುದನ್ನೂ ಅವಳಿಗೆ ಕಲಿಸಿದವನು ತಾನು.

ಅಡುಗೆಮನೆಯಲ್ಲಿ ಅವಳು ರಾತ್ರಿಯೂಟಕ್ಕೆ ಹಿಟ್ಟು ಕಲಸುತ್ತಿದ್ದಳು. ಮಗಳು ಹೊರಗಿನ ಕೋಣೆಯಲ್ಲಿ ನೆಲದ ಮೇಲೆ ಮಲಗಿ ಬರೆಯುತ್ತಿದ್ದಳು. ಅವನು ಶೂ ಬಿಚ್ಚಲಿಲ್ಲ. ಬಿಚ್ಚುತ್ತ ಹೇಳಬಾರದು ಎಂದು ದಾರಿಯಲ್ಲೇ ನಿರ್ಧರಿಸಿದ್ದ. ಬಾಗಿಲಲ್ಲಿ ನಿಂತು ಹೇಳಿದ. ಅವಳ ಕೈ ಮೊದಲು ನಿಧಾನವಾಯಿತು, ಆಮೇಲೆ ಪಾತ್ರೆಯಲ್ಲೇ ನಿಂತಿತು. ಪೂರ್ತಿ ಮುಗಿಯುವ ತನಕ ಅವಳು ತಲೆಯೆತ್ತಲಿಲ್ಲ.

"ಕುಲುಮೆ ಸುಳ್ಳು ಹೇಳಲ್ಲ ಅಂದಿದ್ರಿ," ಎಂದಳು.

"ಕುಲುಮೆ ಹೇಳಿರಲಿಲ್ಲ. ನಾನು ಹೇಳಿದ್ದು."

"ನಾನು ಅವನ ಕೈಯಿಂದ ಕೀ ಇಸ್ಕೊಂಡೆ," ಎಂದಳು ಅವಳು. ಅವನಿಗೆ ಹೇಳಿದಂತಿರಲಿಲ್ಲ. "ಅವನು ಜೇಬಿನಿಂದ ತೆಗೆದು, ಒರೆಸಿ ಕೊಟ್ಟ. ಧೂಳಾಗಿದೆ ಅಂತ ಒರೆಸಿ ಕೊಟ್ಟ."

ಅವಳು ಅಳುತ್ತಾಳೆ ಎಂದುಕೊಂಡ, ಅಳಲಿಲ್ಲ. ಬೆರಳಿಗೆ ಅಂಟಿದ ಹಿಟ್ಟನ್ನು ಪಾತ್ರೆಯ ಅಂಚಿಗೆ ಸವರಿ, ಸರಿಯಾಗಿ ಹೋಗಿಲ್ಲದಿದ್ದರೂ ಅಷ್ಟಕ್ಕೇ ಬಿಟ್ಟು, ಬಾಗಿಲ ಪಕ್ಕದ ಮೊಳೆಯಿಂದ ಬೀಗದ ಕೈ ತೆಗೆದುಕೊಂಡಳು. ತಾನೂ ಬರುತ್ತೇನೆ ಎಂದು ಅವನು ಹೇಳಿದ. ಅವಳು ಮೊದಲ ಸಲ ಅವನ ಮುಖ ನೋಡಿದಳು, ದ್ವೇಷದಿಂದಲ್ಲ, ಪರಿಚಯ ಇರಬೇಕಲ್ಲ ಎಂದು ನೆನಪಿಸಿಕೊಳ್ಳುವವರಂತೆ. ಅವನನ್ನು ಬಳಸಿ ಹೊರಗೆ ಹೋದಳು. ಚಪ್ಪಲಿ ಮೆಟ್ಟಿದ ಸದ್ದು, ಗೇಟು ತೆಗೆದ ಸದ್ದು ಕೇಳಿಸಿತು, ಹಾಕಿದ ಸದ್ದು ಕೇಳಿಸಲಿಲ್ಲ. ಪಾತ್ರೆಯಲ್ಲಿ ಹಿಟ್ಟು ಅರ್ಧ ಕಲಸಿ ಅರ್ಧ ಹಾಗೇ ಉಳಿದಿತ್ತು. ಅವನು ಕೈ ತೊಳೆದು ಬಂದು ಕಲಸತೊಡಗಿದ. ನೀರು ಎಷ್ಟು ಬೇಕೆಂದು ಗೊತ್ತಾಗಲಿಲ್ಲ, ಸ್ವಲ್ಪ ಸ್ವಲ್ಪವೇ ಹಾಕಿಕೊಂಡ.

ಮಗಳು ಪೆನ್ಸಿಲ್ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅಪ್ಪ ಶೂ ಹಾಕಿಕೊಂಡೇ ಅಡುಗೆಮನೆಯಲ್ಲಿ ನಿಂತಿರುವುದನ್ನು ನೋಡಿ ನಗು ತಡೆದುಕೊಂಡಳು. ಅಮ್ಮ ಎಲ್ಲಿಗೆ ಹೋದಳು ಎಂದು ಕೇಳಿದಳು.

"ಕಲ್ಲುಮಾವನಿಗೆ ಕೀ ಕೊಡೋಕೆ."

"ಯಾವ ಕೀ?"

"ಮನೆ ಕೀ."

"ಯಾಕೆ?"

ಅವನ ಕೈ ಪಾತ್ರೆಯಲ್ಲಿ ನಿಂತಿತು. ಇನ್ನು ಮುಂದೆ ಕೇಳಿದವರಿಗೆಲ್ಲ ಹೇಳಬೇಕಾಗುತ್ತದೆ, ಇವಳಿಗೂ, ಇವಳಿಗೆ ಅರ್ಥವಾಗುವ ಮಾತಿನಲ್ಲಿ.

"ಅದು ಅವನದು," ಎಂದ. "ನಾನು ಕಿತ್ತುಕೊಂಡಿದ್ದೆ. ಕೂತ್ಕೋ, ಹೇಳ್ತೀನಿ."

ಮಗಳು ಮಣೆ ಎಳೆದುಕೊಂಡು ಕೂತಳು.